ನಡುಗಡ್ಡೆಯ ಪ್ರವಾಸ: ನೋಡುವುದೇನು, ಖರ್ಚು ಬರೆಯುವುದೆಲ್ಲಿ?

ಹಾನಗಲ್ಲಿನ ಪೇಟೆಯಿಂದ ಅರಬ್ಬೀ ಸಮುದ್ರ ಬಹಳ ದೂರವೇನಲ್ಲ. ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಕುಮಟಾ. ಬೆಳಗಿನ ಪೂಜೆ ಮುಗಿಸಿ ಹೊರಟವರು ಮಧ್ಯಾಹ್ನದ ಊಟಕ್ಕೆ ಕಡಲ ದಂಡೆಯಲ್ಲಿರುತ್ತಾರೆ. ಆದರೂ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದ ವರ್ತಕರ ಕರಾವಳಿ ಪ್ರವಾಸವೆಂದರೆ ಬಹುತೇಕ ಒಂದೇ ಕ್ರಮದ್ದು: ಗೋಕರ್ಣ, ಇಡಗುಂಜಿ, ಮುರ್ಡೇಶ್ವರ, ಕೊಲ್ಲೂರು, ಉಡುಪಿ, ಧರ್ಮಸ್ಥಳ. ದೇವರ ದರ್ಶನವಾದ ಮೇಲೆ ಮೊಣಕಾಲುದ್ದದ ನೀರಿನಲ್ಲಿ ನಿಂತು ಒಂದು ಫೋಟೋ. ದಿಗಂತದಲ್ಲಿ ಕಾಣುವ ಆ ಕಪ್ಪು ಗುಡ್ಡ ಯಾವುದೆಂಬ ಪ್ರಶ್ನೆ. ಉತ್ತರ ಸಿಗುವ ಮೊದಲೇ ಗಾಡಿ ಹೊರಡುತ್ತದೆ. ಅಂಗಡಿಯ ಬಾಗಿಲು ಮೂರನೆಯ ದಿನ ತೆರೆಯಲೇಬೇಕಲ್ಲ!

ಇದಕ್ಕೆ ಅಪವಾದವಾದ ಇನ್ನೊಂದು ವರ್ಗವೂ ಉಂಟು. ಸಿಮೆಂಟ್, ಬಣ್ಣ, ಬೀಜ, ಕೀಟನಾಶಕ ಕಂಪನಿಗಳ ವಾರ್ಷಿಕ ಗುರಿ ಮುಟ್ಟಿ ಅಂಡಮಾನ್, ಫುಕೆಟ್, ಬಾಲಿ ನೋಡಿ ಬಂದ ವಿತರಕರು. ಕಂಪನಿಯ ವೆಚ್ಚದಲ್ಲಿ ಪರದೇಶದ ದ್ವೀಪ ಕಂಡ ಇವರಲ್ಲಿ ಅನೇಕರು ಮಲ್ಪೆಯ ಎದುರಿಗಿರುವ ದ್ವೀಪವನ್ನು ಕಂಡಿಲ್ಲ. 2024ರ ಜನವರಿಯಲ್ಲಿ ಪ್ರಧಾನಿಯವರ ಲಕ್ಷದ್ವೀಪ ಭೇಟಿಯ ತರುವಾಯ ಮಾಲ್ದೀವ್ಸ್‌ಗೆ ಹೋಗಬೇಕೋ ಲಕ್ಷದ್ವೀಪಕ್ಕೆ ಹೋಗಬೇಕೋ ಎಂಬ ಚರ್ಚೆ ದೇಶದಾದ್ಯಂತ ನಡೆಯಿತು. ಲಕ್ಷದ್ವೀಪಕ್ಕೆ ಹೋಗಲು ಪರವಾನಗಿ ಬೇಕು, ಹಡಗು ಅಥವಾ ವಿಮಾನದ ಏರ್ಪಾಡು ಬೇಕು, ಐದಾರು ದಿನ ಬೇಕು. (ಅಮೀನ್‌ದಿವಿ ದ್ವೀಪಗಳು 1956ರವರೆಗೆ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದನ್ನು ಇಂದು ನೆನೆಯುವವರು ವಿರಳ.) ಎರಡು ದಿನ ಮಾತ್ರ ಬಿಡುವಿರುವ ವರ್ತಕನಿಗೆ ನಮ್ಮ ರಾಜ್ಯದ ಕರಾವಳಿಯ ನಡುಗಡ್ಡೆಗಳೇ ಸಾಕು. ಆದರೆ ಎರಡು ಎಚ್ಚರಗಳು ಅವಶ್ಯ. ದೋಣಿ ಏರುವಾಗ ಕಸುಬಿನ ಬುದ್ಧಿಯನ್ನು ಅಂಗಡಿಯಲ್ಲಿ ಬಿಟ್ಟು ಹೋಗಬಾರದು. ಮರಳಿ ಬಂದ ಮೇಲೆ ಖರ್ಚನ್ನು ಅಂಗಡಿಯ ಕಿರ್ದಿಗೆ ಹತ್ತಿಸಬಾರದು.

ಘಟ್ಟದ ಈ ದಾರಿ ನಮ್ಮ ಭಾಗದ ವ್ಯಾಪಾರಕ್ಕೆ ಹಳೆಯ ಪರಿಚಯ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಮುಂಬಯಿಗೆ, ಮುಂಬಯಿಯಿಂದ ಇಂಗ್ಲೆಂಡಿನ ಗಿರಣಿಗಳಿಗೆ. ಬೆಳೆದದ್ದು ಬಯಲುಸೀಮೆಯ ಎರೆಹೊಲದಲ್ಲಾದರೂ ಪೇಟೆಯಲ್ಲಿ ಆ ಹತ್ತಿಯ ಹೆಸರು "ಕುಮಟಾ" ಎಂದೇ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ವೇಳೆ ಭಾರತದ ಹತ್ತಿಗೆ ಬೇಡಿಕೆ ಏರಿದಾಗ ಈ ಬಂದರೂ ಮೆರೆಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿಯ ವ್ಯಾಪಾರದ ಹಿತಾಸಕ್ತಿಯಿತ್ತು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದು ಮಾರ್ಮಗೋವಾ ಬಂದರಿನ ಸಂಪರ್ಕವೂ ದೊರೆತ ಮೇಲೆ ಬಂಡಿಗಳು ಘಟ್ಟ ಇಳಿಯುವುದು ಕಡಿಮೆಯಾಯಿತು, ಕುಮಟಾ ಕಳೆಗುಂದಿತು. ಈಗ ಆ ದಾರಿಯಲ್ಲಿ ಇಳಿಯುವವರು ಪ್ರವಾಸಿಗರು. ಮಳೆಗಾಲದಲ್ಲಿ ಮಣ್ಣು ಕುಸಿತದಿಂದಲೂ, ರಸ್ತೆ ವಿಸ್ತರಣೆಯ ಕಾಮಗಾರಿಯಿಂದಲೂ ಘಟ್ಟದ ಸಂಚಾರ ಆಗಾಗ್ಗೆ ನಿಂತುಹೋಗಿರುವುದರಿಂದ ಹೊರಡುವ ಮುನ್ನಾದಿನ ಶಿರಸಿಯಲ್ಲಿ ಯಾರನ್ನಾದರೂ ವಿಚಾರಿಸಿಕೊಳ್ಳುವುದು ಲೇಸು.

ಮೊದಲ ಬಾರಿಗೆ ನಡುಗಡ್ಡೆಗೆ ಹೋಗುವ ಕುಟುಂಬಕ್ಕೆ ಉಡುಪಿ ಜಿಲ್ಲೆಯ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪವೇ ಸೂಕ್ತ. ಸ್ಥಳೀಯರು ಇದನ್ನು ತೋನ್ಸೆಪಾರ್ ಎನ್ನುತ್ತಾರೆ. ಒಟ್ಟು ನಾಲ್ಕು ಮುಖ್ಯ ದ್ವೀಪಗಳ ಗುಂಪು ಇದು. ಪ್ರವಾಸಿಗರು ಇಳಿಯುವುದು ತೆಂಗಿನ ಮರಗಳಿರುವ ಒಂದರಲ್ಲಿ ಮಾತ್ರ. ಮಲ್ಪೆಯಿಂದ ಸುಮಾರು ಆರು ಕಿಲೋಮೀಟರ್, ಅರ್ಧ ಗಂಟೆಯ ದೋಣಿಪ್ರಯಾಣ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದು ಮೇರಿಯ ಹೆಸರಿಟ್ಟನೆಂಬ ಐತಿಹ್ಯವಿದೆ.

ಐತಿಹ್ಯಕ್ಕಿಂತ ಬೆಲೆಯುಳ್ಳದ್ದು ಅಲ್ಲಿಯ ಕಲ್ಲು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗವು ಭಾರತಕ್ಕೆ ಅಂಟಿಕೊಂಡಿದ್ದ ಕಾಲದಲ್ಲಿ, ನೆಲದಡಿಯಿಂದ ಉಕ್ಕಿ ಬಂದ ಲಾವಾರಸವು ತಣಿಯುತ್ತ ಕುಗ್ಗಿತು. ಕುಗ್ಗುವಾಗ ಬಿರುಕುಗಳು ಒಂದು ಲೆಕ್ಕಕ್ಕೆ ಸಿಕ್ಕಿದಂತೆ ಮೂಡಿ, ಐದು, ಆರು, ಏಳು ಮುಖಗಳುಳ್ಳ ಕಂಬಗಳಾದವು. ಬಡಗಿಯೊಬ್ಬ ಅಳತೆಕೋಲು ಹಿಡಿದು ಕೆತ್ತಿ, ಒಂದರ ಪಕ್ಕ ಒಂದು ಒಟ್ಟಿದಂತೆ ಅವು ನಿಂತಿವೆ. ಕೆಲವು ಆರು ಮೀಟರ್‌ವರೆಗೆ ಎತ್ತರವಿದ್ದರೆ ಇನ್ನು ಕೆಲವು ಅಲೆಯ ಮಟ್ಟಕ್ಕೆ ಸವೆದು ಹಾಸುಗಲ್ಲಿನಂತಾಗಿವೆ. ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟ ಕಥೆಗೆ ಭೂವಿಜ್ಞಾನಿಗಳು ಈ ಶಿಲೆಗಳನ್ನು ಸಾಕ್ಷಿಯಾಗಿ ಹಿಡಿಯುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಐರ್ಲೆಂಡಿನಲ್ಲಿ ಇಂಥದೇ ಕಂಬಗಳ ದಂಡೆಯೊಂದಿದೆ. ಅದನ್ನು ನೋಡಲು ಜಗತ್ತಿನ ಮೂಲೆಮೂಲೆಗಳಿಂದ ಜನ ಬರುತ್ತಾರೆ. ತಾರಕೇಶ್ವರ ದೇವಾಲಯದ ತಿರುಗಣೆಯ ಕಂಬಗಳನ್ನು ಕಂಡು ಬೆಳೆದ ಹಾನಗಲ್ಲಿನ ಮಕ್ಕಳಿಗೆ, ಮನುಷ್ಯನ ಉಳಿ ತಾಗದೆಯೇ ಆದ ಈ ಕಂಬಗಳನ್ನು ತೋರಿಸುವುದು ಶಾಲೆಯ ಒಂದು ವರ್ಷದ ವಿಜ್ಞಾನ ಪಾಠಕ್ಕೆ ಸಮ.

ದ್ವೀಪದ ಒಂದು ಬದಿಯಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚು. ಬರಿಗಾಲಿಗೆ ಹಿತವಲ್ಲ, ಆದುದರಿಂದ ಚಪ್ಪಲಿ ಇರಲಿ. ಚಿಪ್ಪುಗಳನ್ನು ಚೀಲ ತುಂಬಿ ತರುವ ಚಾಳಿಯನ್ನು ಬಿಡುವುದು ಒಳ್ಳೆಯದು. ವಾಸ್ತವ್ಯಕ್ಕೆ ಅಲ್ಲಿ ಅವಕಾಶವಿಲ್ಲ, ಸಂಜೆಯ ಮೊದಲು ಮರಳಬೇಕು. ಬಿಸಿಲಿಗೆ ಟೊಪ್ಪಿಗೆ, ಕುಡಿಯುವ ನೀರು ಒಯ್ಯಬೇಕು. ದೊಡ್ಡ ದೋಣಿಯಿಂದ ಚಿಕ್ಕ ದೋಣಿಗೆ ನಡುನೀರಿನಲ್ಲಿ ದಾಟಬೇಕಾಗಿ ಬರುವುದುಂಟು. ಮೊಣಕಾಲಿನ ನೋವಿರುವ ಹಿರಿಯರು ಟಿಕೆಟ್ ಕೊಳ್ಳುವ ಮೊದಲೇ ಇದನ್ನು ಕೇಳಿ ತಿಳಿಯಬೇಕು. ಎಲ್ಲಕ್ಕಿಂತ ಮುಖ್ಯವಾದುದು, ಗುರುತು ಹಾಕಿದ ಜಾಗದ ಹೊರಗೆ ನೀರಿಗಿಳಿಯಬಾರದು. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಬಂದಿದ್ದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ನೀರುಪಾಲಾದರು. ಕೆರೆಯಲ್ಲಿ ಈಜು ಕಲಿತವರಿಗೆ ಕಡಲು ಕೆರೆಯಲ್ಲ ಎಂಬುದು ನೀರಿಗಿಳಿದ ಮೇಲೆ ತಿಳಿದರೆ ಪ್ರಯೋಜನವಿಲ್ಲ.

ದ್ವೀಪದಷ್ಟೇ ನೋಡತಕ್ಕದ್ದು ಮಲ್ಪೆಯ ಮೀನುಗಾರಿಕಾ ಬಂದರು. ಸಸ್ಯಾಹಾರಿಗಳು ಮೂಗು ಮುಚ್ಚಿಕೊಂಡಾದರೂ ಬೆಳಗಿನ ಜಾವ ಒಮ್ಮೆ ಅಲ್ಲಿ ನಿಲ್ಲಬೇಕು. ಎಪಿಎಂಸಿ ಪ್ರಾಂಗಣದ ಹರಾಜನ್ನು ನಿತ್ಯ ಕಾಣುವ ವರ್ತಕನಿಗೆ, ಕೆಲವೇ ತಾಸುಗಳಲ್ಲಿ ಕೆಡುವ ಮಾಲಿನ ಹರಾಜು ಹೇಗೆ ನಡೆಯುತ್ತದೆಂಬುದು ಬೇರೆಯದೇ ಪಾಠ. ಗೋವಿನಜೋಳದ ದರ ಇಂದು ಸೇರದಿದ್ದರೆ ಗೋದಾಮಿನಲ್ಲಿಟ್ಟು ಕಾಯಬಹುದು. ಬಂಗುಡೆಯನ್ನು ಹಾಗೆ ಇಡಲಾಗದು. ಆದುದರಿಂದಲೇ ಬಂದರಿನ ಸುತ್ತ ಮಂಜುಗಡ್ಡೆಯ ಕಾರ್ಖಾನೆಗಳು, ಶೀತಲ ಸಾಗಣೆಯ ಲಾರಿಗಳು, ಬಲೆ ದುರಸ್ತಿಯವರು, ಎಂಜಿನ್ ರಿಪೇರಿಯವರು, ದೋಣಿ ಕಟ್ಟುವವರು, ಹೀಗೆ ಒಂದು ಇಡೀ ಸಣ್ಣ ಕೈಗಾರಿಕಾ ಸಮೂಹ ಬೆಳೆದಿದೆ. ಮುಚ್ಚಿಹೋಗುವ ಸ್ಥಿತಿಗೆ ಬಂದಿದ್ದ ಮಲ್ಪೆಯ ಹಡಗು ಕಟ್ಟೆಯನ್ನು ಕೊಚ್ಚಿನ್ ಶಿಪ್‌ಯಾರ್ಡ್ ಸಂಸ್ಥೆ 2020ರಲ್ಲಿ ದಿವಾಳಿ ಪ್ರಕ್ರಿಯೆಯ ಮೂಲಕ ಪಡೆದು ಮತ್ತೆ ನಡೆಸುತ್ತಿದೆ. ದಿವಾಳಿ ಕಾಯ್ದೆ ಎಂದೊಡನೆ ಬೀಗ ಜಡಿಯುವುದೆಂದೇ ಭಾವಿಸುವವರು ಗಮನಿಸತಕ್ಕ ನಿದರ್ಶನ.

ಮಲ್ಪೆಯಿಂದ ಕಲಿಯಬೇಕಾದ ಇನ್ನೂ ಒಂದು ಸಂಗತಿಯಿದೆ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿಯಿಡುವ ಕಾಲ, ಕಡಲು ಒರಟಾಗುವ ಕಾಲ. ಬ್ಯಾಂಕಿನ ಸಾಲ ಹೊತ್ತ ದೋಣಿಗಳೂ ಆ 61 ದಿನ ದಡದಲ್ಲಿರುತ್ತವೆ. ಬಲೆ ಹೊಲಿಯುತ್ತಾರೆ, ಎಂಜಿನ್ ಬಿಚ್ಚುತ್ತಾರೆ, ಮನೆಯ ಕಾರ್ಯಗಳನ್ನು ಮುಗಿಸುತ್ತಾರೆ. ಇಡೀ ಕರಾವಳಿ ಎರಡು ತಿಂಗಳು ಬಾಗಿಲು ಹಾಕಿಯೂ ವರ್ಷದ ಜಮಾ-ಖರ್ಚು ಸರಿದೂಗಿಸುತ್ತದೆ. ಇತ್ತ ನಮ್ಮ ಪೇಟೆಯ ಅಂಗಡಿಯ ಯಜಮಾನ ವಾರದ ರಜೆಯ ದಿನವೂ ಅರ್ಧ ಶಟರ್ ಎತ್ತಿ ಕುಳಿತಿರುತ್ತಾನೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ನೌಕರನಿಗೆ ವಾರಕ್ಕೊಂದು ರಜೆಯನ್ನೂ, ದುಡಿದ ಪ್ರತಿ 20 ದಿನಗಳಿಗೆ ಒಂದು ದಿನದ ಸಂಬಳಸಹಿತ ರಜೆಯನ್ನೂ ಕೊಟ್ಟಿದೆ. ಯಜಮಾನನಿಗೆ ರಜೆ ಕೊಡುವ ಕಾಯ್ದೆ ಯಾವುದೂ ಇಲ್ಲವಾದ್ದರಿಂದ ಅದನ್ನು ಅವನೇ ಮಂಜೂರು ಮಾಡಿಕೊಳ್ಳಬೇಕು.

ನೇತ್ರಾಣಿ ಬೇರೆಯೇ ಬಗೆಯದು. ಮುರ್ಡೇಶ್ವರದ ದಂಡೆಯಿಂದ ಸುಮಾರು ಹತ್ತು ನಾಟಿಕಲ್ ಮೈಲಿ ದೂರ. ದೋಣಿಯಲ್ಲಿ ಒಂದು ತಾಸಿಗೂ ಮೇಲ್ಪಟ್ಟ ಪ್ರಯಾಣ. ನಡುಗಡ್ಡೆಯ ಮೇಲೆ ಇಳಿದು ತಿರುಗಾಡುವ ಜಾಗ ಇದಲ್ಲ. ಹೋಗುವುದು ನೀರಿನ ಕೆಳಗಿರುವುದನ್ನು ನೋಡಲು: ಹವಳ, ಬಣ್ಣಬಣ್ಣದ ಮೀನು, ಅದೃಷ್ಟವಿದ್ದರೆ ಆಮೆ. 2022ರಲ್ಲಿ ತೆರೆಕಂಡ ಪುನೀತ್ ರಾಜಕುಮಾರ್ ಅವರ "ಗಂಧದ ಗುಡಿ"ಯ ನಂತರ ನೇತ್ರಾಣಿಯ ಹೆಸರು ಹಳ್ಳಿಹಳ್ಳಿಗೂ ತಲುಪಿದೆ. ಈಜು ಬಾರದವರನ್ನೂ ತರಬೇತುದಾರರು ಕೈಹಿಡಿದು ಇಳಿಸುತ್ತಾರೆ. ಆದರೆ ರಕ್ತದೊತ್ತಡ, ಹೃದಯ, ಉಬ್ಬಸ, ಕಿವಿಯ ತೊಂದರೆಯುಳ್ಳವರು ಇದಕ್ಕೆ ಕೈಹಾಕಬಾರದು. ತರಬೇತುದಾರರು ಸಹಿ ಮಾಡಿಸಿಕೊಳ್ಳುವ ನಮೂನೆಯಲ್ಲಿ ಈ ಪ್ರಶ್ನೆಗಳಿರುತ್ತವೆ. ಐವತ್ತು ದಾಟಿದ ನಮ್ಮ ವರ್ತಕರು ಚೆಕ್ಕಿಗೆ ಸಹಿ ಹಾಕುವ ಮುನ್ನ ಮೂರು ಬಾರಿ ಓದುತ್ತಾರೆ, ಈ ನಮೂನೆಗೆ ಓದದೆಯೇ ಸಹಿ ಹಾಕುತ್ತಾರೆ. ವೈಯಕ್ತಿಕ ಅಪಘಾತ ವಿಮೆಯ ಪಾಲಿಸಿಗಳಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿರುವ ಷರತ್ತು ಇರುವುದುಂಟು. ಅದನ್ನು ಹೊರಡುವ ಮೊದಲೇ ನೋಡಿಕೊಳ್ಳಬೇಕು.

ಹೊನ್ನಾವರದ ಎದುರಿನ ಬಸವರಾಜ ದುರ್ಗ ಇತಿಹಾಸದ ಆಸಕ್ತಿಯುಳ್ಳವರಿಗೆ. ಕೆಳದಿ ಅರಸರ ಕಾಲದ ಕೋಟೆಯ ಕೆಂಪು ಜಂಬಿಟ್ಟಿಗೆಯ ಗೋಡೆಗಳು ಕಡಲ ನಡುವೆ ನಿಂತಿವೆ. ಅಂಗಡಿಯಿಲ್ಲ, ನೆರಳಿನ ವ್ಯವಸ್ಥೆಯಿಲ್ಲ. ಬುತ್ತಿ, ನೀರು ಎಲ್ಲವನ್ನೂ ಒಯ್ಯಬೇಕು. ಹೊನ್ನಾವರದಲ್ಲೇ ಶರಾವತಿಯ ಹಿನ್ನೀರಿನ ದೋಣಿವಿಹಾರ, ಕಾಂಡ್ಲಾವನದ ನಡಿಗೆದಾರಿ, 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಾಸರಕೋಡು ಬೀಚು ಇವೆ. ಮಕ್ಕಳಿಗೂ ವೃದ್ಧರಿಗೂ ಇವು ಹೆಚ್ಚು ಸುಲಭ. ಕಾರವಾರದ ಅಂಜುದೀವ ನೌಕಾಪಡೆಯ ವಶದಲ್ಲಿದ್ದು ಸಾರ್ವಜನಿಕರಿಗೆ ಪ್ರವೇಶವಿಲ್ಲ. ದೂರದಿಂದ ನೋಡಿ ಸಮಾಧಾನಪಡಬೇಕು.

ಇನ್ನು ಕಾರವಾರದ ಕೂರ್ಮಗಡ. ಆಮೆಯ ಆಕಾರದ ಈ ನಡುಗಡ್ಡೆಯಲ್ಲಿ ನರಸಿಂಹ ದೇವರ ಗುಡಿಯಿದ್ದು, ಪುಷ್ಯ ಮಾಸದ ಹುಣ್ಣಿಮೆಯಂದು ಜಾತ್ರೆ ನಡೆಯುತ್ತದೆ. ಭಕ್ತರು ದೋಣಿಗಳಲ್ಲಿ ಹೋಗಿ ಬರುತ್ತಾರೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಜನ ಪ್ರಾಣ ಕಳೆದುಕೊಂಡರು. ಮೃತರಲ್ಲಿ ನಮ್ಮ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನಿಂದ ಹೋಗಿದ್ದ ಒಂದೇ ಮನೆತನದವರು, ಮಕ್ಕಳೂ ಸೇರಿ, ಇದ್ದರು. ದೋಣಿಯಲ್ಲಿ ಸಾಮರ್ಥ್ಯವನ್ನು ಮೀರಿ ಜನರಿದ್ದರೆಂದೂ, ಬಹುಮಂದಿ ಜೀವರಕ್ಷಕ ಜಾಕೆಟ್ ಧರಿಸಿರಲಿಲ್ಲವೆಂದೂ ಅಂದಿನ ವರದಿಗಳು ಹೇಳಿದವು. ಕರಾವಳಿಯವರಲ್ಲ, ಬಯಲುಸೀಮೆಯ ಜನ. ಕಡಲನ್ನು ವರ್ಷಕ್ಕೊಮ್ಮೆಯೂ ಕಾಣದವರು. ಅಲೆ ಯಾವಾಗ ಏಳುತ್ತದೆ, ದೋಣಿ ಎಷ್ಟು ತಾಳುತ್ತದೆ ಎಂಬುದು ಅವರಿಗೆ ಹೇಗೆ ತಿಳಿಯಬೇಕು?

ಇಂಥ ದುರ್ಘಟನೆಯಾದಾಗ ದೋಣಿಯವನನ್ನೂ ಅಧಿಕಾರಿಗಳನ್ನೂ ದೂಷಿಸಿ ಮಾತು ಮುಗಿಸುವುದು ರೂಢಿ. ಪರವಾನಗಿ, ತಪಾಸಣೆ, ಶಿಕ್ಷೆ ಇವೆಲ್ಲ ಸರಕಾರದ ಕರ್ತವ್ಯವೇ ಹೌದು, ಅದರಲ್ಲಿ ಸಡಿಲಿಕೆ ಸಲ್ಲದು. ಆದರೆ ವರ್ತಕನಿಗೆ ಸುಲಭವಾಗಿ ಅರ್ಥವಾಗುವ ಇನ್ನೊಂದು ಮುಖ ಇದಕ್ಕಿದೆ. ಒಂದು ಪ್ರವಾಸಿ ದೋಣಿಯ ಲೆಕ್ಕವನ್ನು ಕಾಗದದ ಮೇಲೆ ಇಟ್ಟು ನೋಡಬೇಕು. ದೋಣಿಯ ಸಾಲದ ಕಂತು, ಪರವಾನಗಿ ಶುಲ್ಕ, ಚಾಲಕನ ಕೂಲಿ, ಒಂದು ಸುತ್ತಿನ ಡೀಸೆಲ್ ಇವು ಹತ್ತು ಜನ ಕುಳಿತರೂ ಇಪ್ಪತ್ತು ಜನ ಕುಳಿತರೂ ಹೆಚ್ಚುಕಡಿಮೆ ಅಷ್ಟೇ. ಹೀಗಿರುವಾಗ ಇಪ್ಪತ್ತು ಆಸನದ ದೋಣಿಯಲ್ಲಿ ಇಪ್ಪತ್ತೊಂದನೆಯವನ ಟಿಕೆಟಿನ ಹಣಕ್ಕೆ ಎದುರಾಗಿ ಖರ್ಚೇ ಇಲ್ಲ. ಅದಿಡೀ ಲಾಭ. ಇಪ್ಪತ್ತೆರಡನೆಯವನದೂ ಅಷ್ಟೇ. ಮಳೆಗಾಲದಲ್ಲಿ ಸಂಚಾರ ನಿಲ್ಲುವುದರಿಂದ ವರ್ಷದ ದುಡಿಮೆಯನ್ನು ಏಳೆಂಟು ತಿಂಗಳಲ್ಲಿ, ಅದರಲ್ಲೂ ಶನಿವಾರ, ಭಾನುವಾರ, ಜಾತ್ರೆಯ ದಿನಗಳಲ್ಲಿ ಮಾಡಿಕೊಳ್ಳಬೇಕು. ಮಿತಿ ಮೀರುವ ಆಸೆ ಹುಟ್ಟುವುದು ಇಲ್ಲಿ.

ಈ ಆಸೆಗೆ ಗಾಳಿ ಹಾಕುವವನು ಗಿರಾಕಿ. ಹನ್ನೆರಡು ಜನರ ಕುಟುಂಬ ದಂಡೆಗೆ ಬಂದೊಡನೆ ಚೌಕಾಸಿ ಆರಂಭ. ತಲೆಗೆ ಇಷ್ಟು ಎಂದರೆ, "ನಾವು ಇಷ್ಟು ಜನ ಇದ್ದೇವೆ, ಸ್ವಲ್ಪ ನೋಡಿ ಹೇಳ್ರೀ" ಎನ್ನುತ್ತಾರೆ. ದೋಣಿಯವನು ದರ ಇಳಿಸುತ್ತಾನೆ, ಇಳಿಸಿದ್ದನ್ನು ಬೇರೊಂದು ಗುಂಪಿನ ಐವರನ್ನು ಹತ್ತಿಸಿ ತುಂಬಿಕೊಳ್ಳುತ್ತಾನೆ. ಇನ್ನು ಕೆಲವೊಮ್ಮೆ ಗಿರಾಕಿಯೇ, ಉಳಿದ ನಾಲ್ವರಿಗೆ ಇನ್ನೊಂದು ದೋಣಿ ಏಕೆಂದು, "ಅಡ್ಜಸ್ಟ್ ಮಾಡ್ರೀ" ಎಂದು ಒತ್ತಾಯಿಸುತ್ತಾನೆ. ಉಳಿತಾಯವಾದದ್ದು ಊರಿಗೆ ಹೋಗಿ ಹೇಳಿಕೊಳ್ಳುವಷ್ಟು. ಅದಕ್ಕಾಗಿ ಒಡ್ಡಿದ್ದು ಮನೆಮಂದಿಯ ಜೀವ.

ಇದೇ ವರ್ತಕ ತನ್ನ ಮಾಲಿನ ವಿಷಯದಲ್ಲಿ ಹೀಗೆ ನಡೆದುಕೊಳ್ಳುವುದಿಲ್ಲ. ಲಾರಿಗೆ ಪಾಸಿಂಗ್ ತೂಕಕ್ಕಿಂತ ಹೆಚ್ಚು ಹೇರಿದರೆ ದಂಡ ಬೀಳುತ್ತದೆ, ಅಪಘಾತವಾದರೆ ವಿಮಾ ಕಂಪನಿ ಕ್ಲೇಮಿಗೆ ತಕರಾರು ತೆಗೆಯುತ್ತದೆ ಎಂಬುದು ಅವನಿಗೆ ಕಂಠಪಾಠ. ವೇಬ್ರಿಜ್ ಚೀಟಿ ಇಲ್ಲದೆ ಗಾಡಿ ಬಿಡುವುದಿಲ್ಲ. ಮೆಣಸಿನಕಾಯಿಯ ಚೀಲಕ್ಕೆ ತೋರಿಸುವ ಈ ಎಚ್ಚರವನ್ನು ಮೊಮ್ಮಕ್ಕಳಿಗೂ ತೋರಿಸಬೇಕಾದರೆ ಕ್ರಮ ಸರಳ. ಗುಂಪು ದೊಡ್ಡದಿದ್ದರೆ ಇಡೀ ದೋಣಿಯನ್ನೇ ನ್ಯಾಯವಾದ ದರಕ್ಕೆ ಗೊತ್ತು ಮಾಡಬೇಕು. ಆಸನಗಳ ಸಂಖ್ಯೆಯನ್ನು ರಸೀದಿಯಲ್ಲಿ ಬರೆಯಿಸಬೇಕು. ಹತ್ತುವಾಗ ತಲೆ ಎಣಿಸಬೇಕು. ಜಾಕೆಟ್ ದೋಣಿಯ ಮೂಲೆಯಲ್ಲಿ ರಾಶಿ ಬಿದ್ದಿದ್ದರೆ ಇದ್ದಂತಾಗಲಿಲ್ಲ, ಪ್ರತಿಯೊಬ್ಬರ ಮೈಮೇಲೆ ಪಟ್ಟಿ ಬಿಗಿದು ಇರಬೇಕು, ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ಹೆಚ್ಚಿನವರು ಹತ್ತಿದರೆ ಇಳಿದುಬಿಡಬೇಕು. ಹಣ ಮರಳಿ ಬರದಿದ್ದರೂ ಇಳಿಯಬೇಕು. ಆ ನಷ್ಟವನ್ನು ಬರೆದುಕೊಳ್ಳಲು ಯಾವ ಖಾತೆಯೂ ಬೇಡ.

ವಿಮೆಯ ಮಾತು ಬಂದಿರುವುದರಿಂದ ಒಂದು ಸಣ್ಣ ಸೂಚನೆ. ಬ್ಯಾಂಕ್ ಖಾತೆಯುಳ್ಳ 18ರಿಂದ 70 ವರ್ಷದವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಡಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷ ರೂಪಾಯಿಗಳ ಅಪಘಾತ ವಿಮೆ ಇದೆ. ಅಂಗಡಿಯ ಗುಮಾಸ್ತರಿಗೂ ಹಮಾಲರಿಗೂ ಇದನ್ನು ಮಾಡಿಸಿರುವ ಯಜಮಾನರು, ತಮ್ಮ ಮನೆಯವರ ಖಾತೆಯಲ್ಲಿ ಅದು ನವೀಕರಣವಾಗಿದೆಯೇ ಎಂದು ನೋಡಿರುವುದಿಲ್ಲ.

ಈಗ ಖರ್ಚಿನ ಮಾತು. ಕುಟುಂಬದ ಪ್ರವಾಸದ ಹೋಟೆಲ್ ಬಿಲ್ಲು, ಡೀಸೆಲ್, ದೋಣಿಯ ಬಾಡಿಗೆಯನ್ನು "ಪ್ರಯಾಣ ವೆಚ್ಚ" ಎಂದು ವ್ಯವಹಾರದ ಖಾತೆಗೆ ಹತ್ತಿಸುವ ಪರಿಪಾಠ ನಮ್ಮಲ್ಲಿ ಹಳೆಯದು. ಆದಾಯ ತೆರಿಗೆಯ ನಿಯಮ ಸ್ಪಷ್ಟವಾಗಿದೆ: ಪೂರ್ಣವಾಗಿ ವ್ಯವಹಾರಕ್ಕಾಗಿಯೇ ಮಾಡಿದ ವೆಚ್ಚ ಮಾತ್ರ ಸಲ್ಲುತ್ತದೆ, ವೈಯಕ್ತಿಕ ವೆಚ್ಚ ಸಲ್ಲುವುದಿಲ್ಲ. ಮಲ್ಪೆಯಲ್ಲಿ ಮಂಜುಗಡ್ಡೆ ಕಾರ್ಖಾನೆ ನೋಡಿದ ಮಾತ್ರಕ್ಕೆ ಇಡೀ ಕುಟುಂಬದ ಪ್ರವಾಸ ವ್ಯಾವಹಾರಿಕವಾಗದು. ಅದರ ಸ್ಥಾನ ಮಾಲೀಕನ ಡ್ರಾಯಿಂಗ್ಸ್ ಖಾತೆ. ಪಾಲುದಾರಿಕೆಯಲ್ಲಿ ಇದು ಇನ್ನೂ ಸೂಕ್ಷ್ಮ. ಒಬ್ಬ ಪಾಲುದಾರನ ಮನೆಯ ಪ್ರವಾಸ ಸಂಸ್ಥೆಯ ಖರ್ಚಿಗೆ ಬಿದ್ದಲ್ಲಿಂದ ಅಣ್ಣತಮ್ಮಂದಿರ ಮನಸ್ತಾಪ ಆರಂಭವಾದ ಉದಾಹರಣೆಗಳಿಗೆ ನಮ್ಮ ಪೇಟೆಗಳಲ್ಲಿ ಬರವಿಲ್ಲ. ಗಿರಣಿಯ ನೌಕರರನ್ನು ವರ್ಷಕ್ಕೊಮ್ಮೆ ಪ್ರವಾಸಕ್ಕೆ ಕರೆದೊಯ್ದರೆ ಅದು ನೌಕರರ ಕಲ್ಯಾಣ ವೆಚ್ಚವಾಗಿ ಸಲ್ಲುತ್ತದೆ. ಅದೇ ಬಸ್ಸಿನಲ್ಲಿ ಯಜಮಾನರ ಬಂಧುಗಳೂ ಇದ್ದರೆ ಅವರ ಪಾಲನ್ನು ಬೇರ್ಪಡಿಸಿ ಬರೆಯಬೇಕು.

ಜಿಎಸ್‌ಟಿಯಲ್ಲಿಯೂ ಇದೇ ತತ್ವ. ಸ್ವಂತ ಉಪಭೋಗಕ್ಕೆ ಪಡೆದ ಸೇವೆಯ ಮೇಲಿನ ತೆರಿಗೆಗೆ ಹೂಡುವಳಿ ಜಮೆ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ ಶೇ. 5ರ ದರ ಬಂದಿರುವುದು ಪ್ರವಾಸಿಗೆ ಅನುಕೂಲವೇ. ಹೋಟೆಲಿನವರಿಗೆ ಅಂಗಡಿಯ ಜಿಎಸ್‌ಟಿ ಸಂಖ್ಯೆ ಕೊಟ್ಟು ಬಿಲ್ಲು ಮಾಡಿಸುವ ಜಾಣತನದಿಂದ ಮಾತ್ರ ಏನೂ ದಕ್ಕುವುದಿಲ್ಲ. ಕುಟುಂಬದ ವಾಸ್ತವ್ಯದ ಬಿಲ್ಲು ಅಂಗಡಿಯ ಸಂಖ್ಯೆಯ ಮೇಲೆ ಪೋರ್ಟಲಿನಲ್ಲಿ ಕಾಣಿಸಿಕೊಂಡು ಅಧಿಕಾರಿಯ ಪ್ರಶ್ನೆಗೆ ದಾರಿಯಾದೀತು, ಅಷ್ಟೆ.

ಕಂಪನಿಗಳು ಕೊಡಮಾಡುವ ದ್ವೀಪ ಪ್ರವಾಸದ ವಿಷಯದಲ್ಲಂತೂ ತಪ್ಪು ಗ್ರಹಿಕೆ ವ್ಯಾಪಕ. "ಪುಕ್ಕಟೆ" ಎಂದು ಹೋಗಿ ಬಂದವರು ಮರುವರ್ಷ ತಮ್ಮ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಅದರ ಮೊತ್ತ ಕಂಡು ಬೆಚ್ಚುತ್ತಾರೆ. 2022ರ ಜುಲೈ 1ರಿಂದ ಜಾರಿಗೆ ಬಂದ ವ್ಯವಸ್ಥೆಯಂತೆ, ವ್ಯವಹಾರದ ಸಂಬಂಧದಿಂದ ವರ್ಷವೊಂದರಲ್ಲಿ 20,000 ರೂಪಾಯಿಗಿಂತ ಹೆಚ್ಚಿನ ಸೌಲಭ್ಯ ಕೊಡುವವರು ಶೇ. 10ರಂತೆ ಮೂಲದಲ್ಲಿ ತೆರಿಗೆ ಕಡಿತದ ಹೊಣೆ ಹೊರಬೇಕು. ಹೊಸ ಉತ್ಪನ್ನದ ತಿಳಿವಳಿಕೆಗಾಗಿ ನಡೆಸುವ ವಿತರಕರ ಸಮ್ಮೇಳನಕ್ಕೆ ಇದು ಅನ್ವಯಿಸದು. ಗುರಿ ಮುಟ್ಟಿದ ಆಯ್ದ ವಿತರಕರಿಗೆ ಬಹುಮಾನವಾಗಿ ಕೊಡುವ ಪ್ರವಾಸಕ್ಕೂ, ಜೊತೆಗೆ ಬಂದ ಕುಟುಂಬದವರ ವೆಚ್ಚಕ್ಕೂ ಅನ್ವಯಿಸುತ್ತದೆ. ಉದಾಹರಣೆಗೆ, ದಂಪತಿಗಳ ಪ್ರವಾಸಕ್ಕೆ ಕಂಪನಿ 1,20,000 ರೂಪಾಯಿ ವೆಚ್ಚ ಮಾಡಿದೆಯೆನ್ನೋಣ. ವಿತರಕ ಶೇ. 20ರ ಹಂತದಲ್ಲಿದ್ದರೆ ತೆರಿಗೆ 24,000, ಅದರ ಮೇಲೆ ಶೇ. 4ರ ಸೆಸ್ 960, ಒಟ್ಟು 24,960 ರೂಪಾಯಿ. ಮೂಲದಲ್ಲಿ ಕಡಿತವಾದ 12,000 ಕಳೆದು ಉಳಿದ 12,960ನ್ನು ವಿತರಕನೇ ಕಟ್ಟಬೇಕು. ಆ ಮೂಲದ 12,000ವನ್ನೂ ವಿತರಕನಿಂದಲೇ ವಸೂಲು ಮಾಡುವ ಕಂಪನಿಗಳಿವೆ. ಪ್ರವಾಸದ ಆಯ್ಕೆ, ದಿನ, ಜಾಗ, ಊಟ ಎಲ್ಲವೂ ಕಂಪನಿಯದು, ತೆರಿಗೆ ವಿತರಕನದು. ಆ 24,960 ರೂಪಾಯಿಯನ್ನು ಕೈಯಲ್ಲಿಟ್ಟುಕೊಂಡು ಇಬ್ಬರು ತಮ್ಮಿಷ್ಟದ ದಿನ ಮಲ್ಪೆಗೂ ಹೊನ್ನಾವರಕ್ಕೂ ಹೋಗಿ ಬರಬಹುದೆಂಬುದನ್ನು ಯೋಚಿಸಬೇಕು. ಪ್ರವಾಸದ ಬದಲು ಅಷ್ಟೇ ಬೆಲೆಯ ರಿಯಾಯಿತಿಯನ್ನು ಬಿಲ್ಲಿನಲ್ಲೇ ಕೊಡಿ ಎಂದು ಕೇಳುವ ಹಕ್ಕು ಗುರಿ ಮುಟ್ಟಿದವನಿಗಿದೆ. ಕೇಳುವವರು ಮಾತ್ರ ಕಡಿಮೆ.

ಹೋಗುವುದು ಯಾವಾಗ? ಸೇಂಟ್ ಮೇರೀಸ್ ದ್ವೀಪದ ದೋಣಿಗಳು ಮಳೆಗಾಲದಲ್ಲಿ ನಿಲ್ಲುತ್ತವೆ. ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಅನುಕೂಲ ಕಾಲ. ಅಕ್ಟೋಬರ್ ಲೆಕ್ಕ ಪರಿಶೋಧನೆಯ ಗಡಿಬಿಡಿಯಲ್ಲಿ ಹೋಗುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಭತ್ತ, ಗೋವಿನಜೋಳ, ಜನವರಿಯಿಂದ ಮೆಣಸಿನಕಾಯಿಯ ಆವಕ, ಮಾರ್ಚ್ ವರ್ಷಾಂತ್ಯ, ಏಪ್ರಿಲ್, ಮೇ ಹಾನಗಲ್ಲಿನ ಮಾವಿನ ಕಾಲ. ಹೀಗೆ ಎಣಿಸುತ್ತ ಹೋದರೆ ಯಾವ ತಿಂಗಳೂ ಉಳಿಯುವುದಿಲ್ಲ, ಇಷ್ಟು ವರ್ಷ ಉಳಿದೂ ಇಲ್ಲ. ತಿಂಗಳ 20ಕ್ಕೆ ಜಿಎಸ್‌ಟಿ ವಿವರಪಟ್ಟಿ ಸಲ್ಲಿಸಿದ ಮೇಲೆ ತಿಂಗಳ ಕೊನೆಯವರೆಗೆ ಒಂದು ಸಣ್ಣ ಬಿಡುವು ಎಲ್ಲರಿಗೂ ಇದೆ. ಆ ಬಿಡುವಿನಲ್ಲಿ ಶನಿವಾರ, ಭಾನುವಾರಗಳನ್ನು ಬಿಟ್ಟು, ಮಂಗಳವಾರ, ಬುಧವಾರ ಹೋದರೆ ದಂಡೆಯಲ್ಲಿ ಜನ ಕಡಿಮೆ, ಕೋಣೆಯ ದರವೂ ಇಳಿದಿರುತ್ತದೆ, ದೋಣಿಯವನಿಗೆ ಇಪ್ಪತ್ತೊಂದನೆಯವನ ಆಸೆಯೂ ಇರುವುದಿಲ್ಲ.

ತಾಲೂಕು ಮಟ್ಟದ ವರ್ತಕ ಸಂಘಗಳು ಈ ಬಗ್ಗೆ ಒಂದು ಕೆಲಸ ಮಾಡಬಹುದು. ಸದಸ್ಯರ ಕುಟುಂಬಗಳಿಗಾಗಿ ವರ್ಷಕ್ಕೊಮ್ಮೆ ಒಂದೆರಡು ಬಸ್ಸು ಗೊತ್ತು ಮಾಡಿ, ದೋಣಿಗಳನ್ನು ಆಸನದ ಸಂಖ್ಯೆ ನಮೂದಿಸಿದ ಲಿಖಿತ ಕರಾರಿನ ಮೇಲೆ ಮುಂಗಡವಾಗಿ ಕಾಯ್ದಿರಿಸಬೇಕು. ಪರವಾನಗಿಯ ಪ್ರತಿ, ವಿಮೆಯ ಪ್ರತಿ, ಜಾಕೆಟ್‌ಗಳ ಸಂಖ್ಯೆಯನ್ನು ಹಣ ಕೊಡುವ ಮೊದಲೇ ಕೇಳಿ ಪಡೆಯಬೇಕು. ಒಬ್ಬ ಗಿರಾಕಿ ಕೇಳಿದರೆ ದೋಣಿಯವನು ನಕ್ಕಾನು. ನೂರು ಆಸನದ ಗಿರಾಕಿ ಕೇಳಿದರೆ ಕಾಗದ ತೆಗೆದು ತೋರಿಸುತ್ತಾನೆ. ದೋಣಿಗಳು ಮತ್ತೆ ಕಡಲಿಗಿಳಿಯುವ ಅಕ್ಟೋಬರ್‌ಗೆ ಮುಂಚೆಯೇ, ಮಳೆಗಾಲದ ಬಿಡುವಿನಲ್ಲಿ, ಈ ಪತ್ರವ್ಯವಹಾರ ಮುಗಿದರೆ ನವೆಂಬರ್ 21ರ ನಂತರದ ವಾರಕ್ಕೆ ದಿನ ಗೊತ್ತು ಮಾಡಲು ಅಡ್ಡಿಯಿಲ್ಲ.